ಆಂಬುಲೆನ್ಸ್ ಬೇಡವೆಂದ ಅತಿಥಿ

ಸಂಶಿಯ ನಮ್ಮ ಮೆಣಸಿನಕಾಯಿ ಹೊಲದಲ್ಲಿ ಹಾವು ಕಚ್ಚಿದ ಕಾಲು ಚಾಚಿ ಕುಳಿತಿದ್ದ ಅಮೆರಿಕದ ಸಂಶೋಧಕಿ, ನಾನು 108ಕ್ಕೆ ಕರೆ ಮಾಡುತ್ತಿದ್ದಂತೆಯೇ ಫೋನು ಕಸಿದು ಕರೆ ನಿಲ್ಲಿಸಿದರು. ನಾಟಿ ಬೀಜಗಳ ಅಧ್ಯಯನಕ್ಕೆ ಬಂದು ನಮ್ಮ ಮಾತು ಕಲಿತಿದ್ದರು.

“ಆಂಬುಲೆನ್ಸ್ ಬ್ಯಾಡ್ರಿ, ನನಗ ವಿಮಾ ಇಲ್ಲ. ನಮ್ಮ ದೇಶದಾಗ ಅದರ ಬಿಲ್ಲಿಗೆ ನಮ್ಮಪ್ಪ ಕಾರು ಮಾರಿದ್ರು. ಬಸ್ಸಿಗೆ ಹೋಗೂಣು,” ಎಂದರು. ಪಾದ ಆಗಲೇ ಊದುತ್ತಿತ್ತು.

ಕಾಯಿ ಬಿಡಿಸುತ್ತಿದ್ದ ಗಂಗವ್ವ ಓಡಿಬಂದು ಫೋನು ಕಿತ್ತು ನನಗೆ ಕೊಟ್ಟಳು. “ಏ ಹುಚ್ಚಿ, ಇಲ್ಲಿ ಅದಕ್ಕ ರೊಕ್ಕ ಕೇಳಂಗಿಲ್ಲ. ಕಾಲು ಅಲುಗಾಡಸಬ್ಯಾಡ, ಸುಮ್ಮನ ಮಲಕೋ!”

ಆಸ್ಪತ್ರೆಯಲ್ಲಿ ಸಮಯಕ್ಕೆ ಚುಚ್ಚುಮದ್ದು ಸಿಕ್ಕು ಅವರು ಉಳಿದರು. ಆಂಬುಲೆನ್ಸ್ ಬರಲಿಕ್ಕಿಲ್ಲವೆಂದು ಹೆದರಿದವರನ್ನು ಕಂಡಿದ್ದೇನೆ. ಬಂದುಬಿಟ್ಟೀತೆಂದು ಹೆದರಿದವರನ್ನು ಕಂಡದ್ದು ಅದೊಂದೇ ಸಲ.