ಎರಡು ಸಬ್‌ವೂಫರ್, ಒಂದು ಆಂಪ್ಲಿಫೈಯರ್

ಕಾರುಗಳಿಗೆ ಸ್ಪೀಕರ್ ಕೂರಿಸುವ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಬೆನ್ನು ಬಗ್ಗಿಸಿದವನನ್ನು ಎಲ್ಲರೂ ವೈರಪ್ಪ ಎಂದೇ ಕರೆಯುತ್ತಿದ್ದರು. ಅಂಗಡಿ ಅಕ್ಕನ ಗಂಡನದು. ಭಾವನಿಗೆ ಮಾತು ಬರುತ್ತಿತ್ತು, ವೈರಪ್ಪನಿಗೆ ಕೆಲಸ. ಬಾಗಿಲು ಹಾಕಿದ ಕಾರುಗಳೊಳಗೆ ದಿನವಿಡೀ ಗುಡುಗಿನಂಥ ಸದ್ದು ಪರೀಕ್ಷಿಸಿ ಪರೀಕ್ಷಿಸಿ ಅವನ ಎಡಗಿವಿ ಪೂರಾ ಹೋಗಿತ್ತು, ಬಲಗಿವಿಯೂ ಅಷ್ಟಕ್ಕಷ್ಟೆ. ಸ್ಪೀಕರಿನ ಮೇಲೆ ಅಂಗೈಯಿಟ್ಟೇ ಸದ್ದಿನ ಹದ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಟ್ಯಾಕ್ಸಿಯವನೊಬ್ಬ ಗುಡುಗುಸದ್ದಿನ ಎರಡು ಸಬ್‌ವೂಫರ್, ಒಂದು ಆಂಪ್ಲಿಫೈಯರ್ ಆರಿಸಿ, "ಹಿಂದಿನ ಗಾಜು ನಡುಗ್ಬೇಕು ನೋಡಿ" ಎಂದ.

ಅವನು ಕಾರು ಒಳಗೆ ತರಲು ಹೋದಾಗ ವೈರಪ್ಪ ಆಂಪ್ಲಿಫೈಯರ್ ತಿರುವಿ ನೋಡಿದ. ನಾಲ್ಕು ಓಮ್‌ಗಿಂತ ಕಡಿಮೆ ತಡೆಯ ಸ್ಪೀಕರ್ ಬೇಡವೆಂದು ಬೆನ್ನ ಮೇಲೆಯೇ ಬರೆದಿತ್ತು. "ಭಾವ, ಇವೆರಡೂ ನಾಲ್ಕು ಓಮಿನವು. ಪ್ಲಸ್ಸಿಗೆ ಪ್ಲಸ್ಸು ಸೇರಿಸಿ ಪ್ಯಾರಲಲ್ ಕೊಟ್ರೆ ಎರಡಕ್ಕಿಳಿದು ಆಂಪ್ಲಿಫೈಯರ್ ಸುಟ್ಟೇಹೋಗುತ್ತೆ. ಒಂದರ ಮೈನಸ್ಸು ಇನ್ನೊಂದರ ಪ್ಲಸ್ಸಿಗೆ ಕೊಟ್ಟು ಸೀರೀಸ್ ಮಾಡ್ತೀನಿ. ಸದ್ದು ಸ್ವಲ್ಪ ಕಮ್ಮಿ, ಆದ್ರೆ ಬಾಳಿಕೆ ಬರುತ್ತೆ."

"ನಿನ್ನ ಪುರಾಣ ಆಮೇಲೆ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಕೊಟ್ಟು ಮುಗಿಸು. ಗಿರಾಕಿ ವಿಷಯದಲ್ಲಿ ಮೂಗು ತೂರಿಸ್ಬೇಡ."

ಡಬ್ಬಗಳ ಧೂಳು ಒರೆಸುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ. ವೈರಪ್ಪ ಹಲ್ಲುಕಚ್ಚಿ ಹೇಳಿದಂತೆಯೇ ಜೋಡಿಸಿದ. ಗಾಜು ನಡುಗಿತು. ಟ್ಯಾಕ್ಸಿಯವನು ಕುಣಿದುಕೊಂಡು ಹೋದ.

ನಾಲ್ಕನೆಯ ದಿನ ಅವನು ಸುಟ್ಟ ವಾಸನೆಯ ಆಂಪ್ಲಿಫೈಯರನ್ನು ತಂದು ಮೇಜಿನ ಮೇಲೆ ಕುಕ್ಕಿದ. ಭಾವ ಕಣ್ಣು ಮಿಟುಕಿಸಲಿಲ್ಲ.

"ಏನ್ಮಾಡ್ಲಿ ಸ್ವಾಮಿ, ಹೆಂಡ್ತಿ ತಮ್ಮ ಅಂತ ಇಟ್ಕೊಂಡಿದೀನಿ. ಕಿವಿ ಕೇಳ್ಸಲ್ಲ. ನಾನು ಹೇಳೋದೊಂದು, ಇವ್ನು ಮಾಡೋದೊಂದು."

ಭಾವ ನಿಂತಿದ್ದದ್ದು ಬಲಗಡೆ, ಪಕ್ಕದಲ್ಲೇ. ವೈರಪ್ಪನಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಅಕ್ಕನ ಕಡೆ ನೋಡಿದ. ಅಂದಿನ ಮಾತಿಗೆಲ್ಲ ಅವಳೇ ಸಾಕ್ಷಿ.

"ತಪ್ಪಾಯ್ತು ಅಂದ್ಬಿಡೋ," ಎಂದಳು ಅಕ್ಕ. "ಅಷ್ಟಕ್ಕೆ ಬಾಯೇನು ಸವೆಯುತ್ತಾ?"

"ತಪ್ಪಾಯ್ತು," ಎಂದ ವೈರಪ್ಪ.

ಹೊಸ ಆಂಪ್ಲಿಫೈಯರಿಗೆ ಎರಡನ್ನೂ ತನ್ನ ರೀತಿಯಲ್ಲೇ ಜೋಡಿಸಿಕೊಟ್ಟ. ಟ್ಯಾಕ್ಸಿಯವನು ಹಾಡು ಹಾಕಿ ನೋಡಿ ಭಾವನ ಕೈ ಕುಲುಕಿದ: "ಈ ಸಲ ನೀವೇ ನಿಂತು ಮಾಡ್ಸಿದ್ರಿ, ಸರಿಹೋಯ್ತು."

ಮರುದಿನದಿಂದ ವೈರಪ್ಪನನ್ನು ಕಾರುಗಳ ಬಳಿ ಬಿಡಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಹಳೆಯ ವೈರು ಸುಲಿಯುವ ಕೆಲಸ ಕೊಟ್ಟರು. ಬೇರೆ ಅಂಗಡಿಗಳ ಮೆಟ್ಟಿಲು ಹತ್ತಿ ನೋಡಿದ. ಭಾವನ ಮಾತು ಅವನಿಗಿಂತ ಮೊದಲೇ ಅಲ್ಲಿ ತಲುಪಿತ್ತು. ಎಲ್ಲರೂ ನಯವಾಗಿ, ಕಿವುಡನೆಂದು ಬೇಕೆಂದೇ ಗಟ್ಟಿಯಾಗಿ, "ಕೆಲಸಕ್ಕೆ ಜನ ಇದಾರೆ" ಎಂದರು. ಮತ್ತೆ ಬಂದು ಅದೇ ಕೋಣೆಯಲ್ಲಿ ಕೂತ.

ಅಕ್ಕ ಮಧ್ಯಾಹ್ನ ತಟ್ಟೆ ತಂದರೆ "ಅಲ್ಲಿಡು" ಎನ್ನುತ್ತಾನೆ. ಅವಳ ಮುಖ ನೋಡಿ ಅದಕ್ಕಿಂತ ಹೆಚ್ಚು ಮಾತಾಡಿ ವರ್ಷ ದಾಟಿದೆ.