ಗೋಪಮ್ಮ ಅಳಿಸಿದ ಹನ್ನೊಂದು ಹೆಸರು

ರಾಯಚೂರಿನ ಪ್ರಹ್ಲಾದರಾಯರ ಟೈಪಿಂಗ್ ಅಂಗಡಿಗೆ ಕಂಪ್ಯೂಟರ್ ಬಂದದ್ದು ೧೯೮೮ರಲ್ಲಿ. ಅದರ ಮುಂದೆ ಕೂತವಳು ಪೋತ್ನಾಳದ ಕೂಲಿಕಾರ ಮೂಕಪ್ಪನ ಮಗಳು ಗೋಪಮ್ಮ. ಅವಳು ಕುರ್ಚಿಯಲ್ಲಿ ಕೂತದ್ದೇ ಕೆಲವರ ಕಣ್ಣಿಗೆ ಕಸ ಬಿದ್ದಂತಾಗಿತ್ತು. ಬೀಳಲಿ ಬಿಡಿ, ಅವಳಷ್ಟು ತಪ್ಪಿಲ್ಲದೆ ಟೈಪು ಮಾಡುವವರು ಆ ಅಂಗಡಿಯಲ್ಲಿ ಇನ್ನೊಬ್ಬರಿರಲಿಲ್ಲ.

ದೇವದುರ್ಗದ ಕಡೆಯ ಒಬ್ಬ ಗೌಡ, ಬಾವಿ ಮುಟ್ಟಿದಳೆಂದು ಬಸುರಿಯೊಬ್ಬಳನ್ನು ಹೊಡೆಸಿದ್ದ. ಕಣ್ಣಾರೆ ಕಂಡ ಹನ್ನೊಂದು ಹೆಂಗಸರು ಗುಟ್ಟಾಗಿ ಹೆಬ್ಬೆಟ್ಟು ಒತ್ತಿ ಸಾಕ್ಷಿ ಹೇಳಿದರು. ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ದಿಲ್ಲಿಯ ಪರಿಶಿಷ್ಟ ಜಾತಿಗಳ ಆಯೋಗಕ್ಕೆ ಕಳಿಸಿದವಳು ಗೋಪಮ್ಮನೇ. ಆ ಹೆಸರುಗಳು ಗೌಡನ ಕಿವಿಗೆ ಬಿದ್ದರೆ ಅವರ ಗುಡಿಸಲು ಉಳಿಯುತ್ತಿರಲಿಲ್ಲ.

ಹದಿನೈದು ದಿನಕ್ಕೆ ಗೌಡನ ಅಳಿಯ ವಾಸನೆ ಹಿಡಿದು ಬಂದ. ನಾಳೆ ಹೈದರಾಬಾದಿನಿಂದ ಒಬ್ಬ ಮಿಸ್ತ್ರಿಯನ್ನು ಕರೆತಂದು ಮಷೀನು ತೋರಿಸುತ್ತೇನೆ ಎಂದು ನಗುನಗುತ್ತಲೇ ಹೇಳಿ ಹೋದ. ರಾಯರು ಬೆವತುಹೋದರು. ಅಳಿಸಿಬಿಡು, ಇಲ್ಲವೆಂದರಾಯಿತು ಎಂದರು. ಗೋಪಮ್ಮ ಅಳಿಸಿದಳು, ಫೈಲಿನ ಹೆಸರು ಪರದೆಯಿಂದ ಹೋಯಿತು. ರಾಯರು ನಿಟ್ಟುಸಿರು ಬಿಟ್ಟರು.

ಅವಳಿಗೆ ಮಾತ್ರ ಸಮಾಧಾನವಿಲ್ಲ. ಟೈಪಿಂಗ್ ಕಲಿಸಿದ ತುಳಸಿಬಾಯಿಯವರು ಗುಟ್ಟಿನ ಪತ್ರ ಮುಗಿದ ಮೇಲೆ ಕಾರ್ಬನ್ ಹಾಳೆಯನ್ನೂ ಸುಡಿಸುತ್ತಿದ್ದರು, ಬೆಳಕಿಗೆ ಹಿಡಿದರೆ ಅಕ್ಷರ ಓದಬಹುದೆಂದು. ಮಷೀನಿನ ಜೊತೆ ಬಂದ ದಪ್ಪ ಪುಸ್ತಕ ತೆಗೆದು ಕೂತಳು. ಅಂದುಕೊಂಡದ್ದೇ ನಿಜ, ಅಳಿಸಿದಾಗ ಹೋದದ್ದು ಫೈಲಿನ ಹೆಸರು ಮಾತ್ರ. ಗಡಿಗೆಯ ಮೇಲಿನ ಚೀಟಿಯಷ್ಟೇ ಹರಿದಿತ್ತು, ಒಳಗಿನ ಜೋಳ ಹಾಗೇ ಇತ್ತು. ಅದರ ಮೇಲೆ ಬೇರೆ ಬರಹ ಕೂರುವವರೆಗೆ ಬಲ್ಲವನು ಮರಳಿ ತೆಗೆಯಬಹುದಿತ್ತು.

ಯಾರದೋ ಮದುವೆ ಕಾರ್ಡಿನ ಫೈಲು ಕೈಗೆ ಸಿಕ್ಕಿತು. ಅದನ್ನೇ ನಕಲು ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಮಷೀನು ಕೆಟ್ಟೀತೆಂದು ರಾಯರು ಗೋಗರೆದರು. ಕೆಟ್ಟರೆ ರಿಪೇರಿ ಆಗುತ್ತದೆ, ಸುಟ್ಟ ಮನೆ ಆಗುತ್ತದೆಯೇ ಎಂದು ಕೇಳಿದಳು. ಸಂಜೆಗೆ ಇನ್ನು ಜಾಗವಿಲ್ಲ ಎಂದು ಮಷೀನೇ ಕೈಚೆಲ್ಲಿತು. ಸಾಕ್ಷಿಯ ಇನ್ನೊಂದು ಪ್ರತಿ ಇದ್ದ ಫ್ಲಾಪಿಯನ್ನು ಕತ್ತರಿಸಿ ಪಕ್ಕದ ಚಹಾ ಒಲೆಗೆ ಹಾಕಿದಳು.

ಮರುದಿನ ಮಿಸ್ತ್ರಿ ಮಧ್ಯಾಹ್ನದವರೆಗೆ ಹುಡುಕಿದ. ಸಿಕ್ಕಿದ್ದೆಲ್ಲ ಅದೇ ವಧು, ಅದೇ ವರ. ಅಳಿಯನ ನಗು ಹಾರಿಹೋಯಿತು. ಮೇಜು ಗುದ್ದಿ, ಹೆಸರು ಹೇಳುತ್ತೀಯೋ ಇಲ್ಲವೋ ಎಂದು ಗದರಿದ. ರಾಯರು ಗೋಡೆಗೆ ಅಂಟಿಕೊಂಡರು. ಗೋಪಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

“ಹೆಸರು ಬೇಕೇನ್ರೀ? ಬರ್ಕೊರ್ರಿ. ಗೋಪಮ್ಮ, ತಂದಿ ಮೂಕಪ್ಪ, ಪೋತ್ನಾಳ. ಟೈಪ್ ಮಾಡಿದಾಕಿ ನಾನೇ, ಅಳಿಸಿದಾಕಿನೂ ನಾನೇ. ಉಳಿದ ಹನ್ನೊಂದು ನನ್ನ ಹೊಟ್ಟ್ಯಾಗ ಅದಾವ. ಅಲ್ಲಿಂದ ತಗಿಯೋ ಮಿಸ್ತ್ರಿ ಇದ್ರ ಕರಕೊಂಡು ಬರ್ರಿ.”