ಕಮಲಕ್ಕನ ಮಣೆ ನಮ್ಮ ಶೆಲ್ಫಿನಲ್ಲಿತ್ತು

2023ರ ಜನವರಿಯಲ್ಲಿ ನಾನು ಮೂಡುಬಿದಿರೆಯ ಸಣ್ಣದೊಂದು ಫರ್ನಿಚರ್ ಸ್ಟುಡಿಯೋದಲ್ಲಿ ಸಹಾಯಕ ವಿನ್ಯಾಸಕಿಯಾಗಿದ್ದೆ. ನನ್ನ ಊರು ದಾವಣಗೆರೆ. ಓದಲು ಬಂದವಳು ಇಲ್ಲೇ ಉಳಿದೆ. ಕಾಲೇಜಿನ ಅಷ್ಟೂ ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ತುಳು ಕಲಿಯಲಿಲ್ಲ, ವಾದ ಮಾಡಲು ಕಲಿತೆ. ಅಲ್ಲಿ ನಮಗೆ ಹೇಳಿಕೊಟ್ಟ ಮೊದಲ ನಿಯಮ: ಎದುರಾಳಿ ಖಂಡಿಸದೆ ಬಿಟ್ಟ ಮಾತನ್ನು ಅವರು ಒಪ್ಪಿದರೆಂದೇ ಲೆಕ್ಕ.

ಸ್ಟುಡಿಯೋದ ಗೋಡೆಯಲ್ಲಿ ಒಂದು ಮೂಡ್ ಬೋರ್ಡ್ ಇತ್ತು. ಹೊಸ ವಿನ್ಯಾಸ ಶುರುಮಾಡುವ ಮುಂಚೆ ಅದಕ್ಕೆ ಸ್ಫೂರ್ತಿಯಾದ ಫೋಟೋ, ಬಟ್ಟೆಯ ತುಂಡು, ಮರದ ಚೂರುಗಳನ್ನು ಅಂಟಿಸುವ ಹಲಗೆ. ದಿನಬಳಕೆಯ ವಸ್ತುಗಳಲ್ಲೇ ಸ್ಫೂರ್ತಿ ಹುಡುಕಬೇಕು ಎಂಬುದು ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು. ನನಗೆ ಆ ಪದದ ಮೇಲೆ ನಂಬಿಕೆ ಇರಲಿಲ್ಲ. ಬಸದಿಯ ಕಂಬದಿಂದ ಸ್ಫೂರ್ತಿ ಪಡೆದ ಲ್ಯಾಂಪ್ ಅಂದರೆ ಕಂಬದ ನಕಲಿಗೆ ಕೊಟ್ಟ ಮರ್ಯಾದೆಯ ಹೆಸರು, ಅಷ್ಟೇ ತಾನೆ? ಹೀಗೆ ವಾದಿಸುತ್ತಿದ್ದೆ. ವಾದಿಸುತ್ತಲೇ ಹಲಗೆಯನ್ನೂ ತುಂಬಿಸುತ್ತಿದ್ದೆ.

ಆ ತಿಂಗಳು ಮಹಿಳೆಯರ ಸಂಘವೊಂದು ನಮಗೆ ಕೆಲಸ ಕೊಟ್ಟಿತು. ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಸೊಂಟ ನೋಯದಂಥ ಆಸನ ಬೇಕು. ಮೊದಲು ಒಂದು ಮನೆಯಲ್ಲಿ ಮೂರು ತಿಂಗಳು ಪ್ರಯೋಗ. ಸರಿಹೋದರೆ ಬಂಟ್ವಾಳ, ಬೆಳ್ತಂಗಡಿ ಕಡೆಯ ಹಳ್ಳಿಗಳಿಗೆ ನಲವತ್ತು.

ಪ್ರಯೋಗಕ್ಕೆ ಆಯ್ಕೆಯಾದವರು ನೆರಿಯದ ಕಮಲಕ್ಕ. ವಯಸ್ಸು ಐವತ್ತೆರಡು, ಬೀಡಿ ಕಟ್ಟಲು ಕೂತು ಮೂವತ್ತು ವರ್ಷ. ಅವರ ಎಡಗಾಲು ಆಗಾಗ ಜೋಮು ಹಿಡಿಯುತ್ತಿತ್ತು. ಬೆನ್ನಿನ ಡಿಸ್ಕ್ ನರವನ್ನು ಒತ್ತುತ್ತಿದೆ, ನೆಲದಲ್ಲಿ ಬಗ್ಗಿ ಕೂರುವುದು ಮುಂದುವರಿದರೆ ಕಾಲಿನ ಸ್ಪರ್ಶವೇ ಹೋದೀತು ಎಂದು ಡಾಕ್ಟರು ಹೇಳಿದ್ದರು. ಕೂರದಿದ್ದರೆ ಬೀಡಿ ಇಲ್ಲ. ಕಂಪನಿಗೆ ಬೀಡಿ ಕೊಡುವುದು ನಿಂತರೆ ಬೀಡಿ ಕಾರ್ಡು, ಅಂದರೆ ಕಾರ್ಮಿಕರ ಗುರುತಿನ ಚೀಟಿ, ಇದ್ದೂ ಇಲ್ಲದ ಹಾಗೆ.

ಆ ಕಾರ್ಡನ್ನು ಅವರು ಪ್ಲಾಸ್ಟಿಕ್ ಚೀಲದಿಂದ ತೆಗೆದು ತೋರಿಸಿದರು. "ಆಧಾರ್ ಕಾರ್ಡು ಎಲ್ಲರಿಗೂ ಉಂಟು ಮೇಡಂ. ಇದು ನಾನು ಕೆಲಸ ಮಾಡ್ತೇನೆ ಅಂತ ಕೊಟ್ಟದ್ದು."

ಅವರು ಚಹಾ ಮಾಡಲು ಒಳಗೆ ಹೋದಾಗ ನಾನು ಕೆಲಸದ ಜಾಗದ ಫೋಟೋ ತೆಗೆದೆ. ಗೋಡೆಗೆ ಒರಗಿಸಿದ, ತೆಂಗಿನ ನಾರು ತುಂಬಿದ ಗೋಣಿ. ಅದರ ಮುಂದೆ ಗೇಣೆತ್ತರದ ಹಲಸಿನ ಮಣೆ, ಕೂತು ಕೂತು ನುಣುಪಾದದ್ದು. ಪಕ್ಕದಲ್ಲಿ ತಡ್ಪೆ, ಅಂದರೆ ತೊಡೆಯ ಮೇಲೆ ಇಟ್ಟುಕೊಂಡು ಎಲೆ, ಹೊಗೆಸೊಪ್ಪು ಹರಡುವ ಮೊರ. ಅದರ ಅಂಚಿನ ಬಿದಿರಿನ ಹೆಣಿಗೆ ಬಹಳ ಚಂದವಿತ್ತು.

ಚಹಾ ಕುಡಿದು ಕೇಳಿದೆ, "ಈ ಮಣೆ ಸ್ಟುಡಿಯೋಗೆ ತಗೊಂಡು ಹೋಗ್ಲಾ? ಸ್ಟಡಿ ಮಾಡೋಕೆ."

ಕಮಲಕ್ಕ ಒಂದು ಕ್ಷಣ ಮಣೆಯನ್ನು ನೋಡಿದರು. "ಆಗಬಹುದು."

ಎತ್ತಿದಾಗ ಅದರ ಹಿಂಬದಿಯ ಕೆಳಗಿದ್ದ ಹಂಚಿನ ತುಂಡೊಂದು ನೆಲದಲ್ಲೇ ಉಳಿಯಿತು. ಯಾರಿಗೂ ತಾಗದಿರಲಿ ಎಂದು ಅದನ್ನು ಕಾಲಿನಿಂದ ಬದಿಗೆ ಸರಿಸಿದೆ.

ಮಣೆ ನಮ್ಮ ಶೆಲ್ಫಿಗೆ ಏರಿತು. ಬಂದ ಗ್ರಾಹಕರೆಲ್ಲ ಮುಟ್ಟಿ ನೋಡಿ ಹೊಗಳಿದರು. ಫೋಟೋ ದೊಡ್ಡದಾಗಿ ಬೋರ್ಡಿಗೆ ಹೋಯಿತು. ತಡ್ಪೆಯ ಹೆಣಿಗೆಯನ್ನು ನಾನು ಕುರ್ಚಿಯ ಬೆನ್ನಿಗೆ ತಂದೆ. ಆಸನದ ಎತ್ತರ 42 ಸೆಂಟಿಮೀಟರ್, ಅಂದರೆ ಪಠ್ಯಪುಸ್ತಕದ ಅಳತೆ. ಕುರ್ಚಿಯ ಕೈಗಳ ಮೇಲೆ ಅಡ್ಡಕ್ಕೆ ಕೂರುವ ಹಲಗೆ, ತಡ್ಪೆ ಇಡಲು. ಮಾಡಿಕೊಟ್ಟವರು ಪುತ್ತಿಗೆಯ ಸುಧಾಕರ ಆಚಾರಿ. ಕೆಲಸದ ನಡುವೆ ಅವರು ಬೋರ್ಡಿನ ಫೋಟೋದ ಎದುರು ನಿಂತರು.

"ಮೇಡಂ, ಮಣೆ ಅಡಿಗೆ ಹಂಚಿನ ತುಂಡು ಯಾಕೆ ಉಂಟು?"

"ಎಲ್ಲಿಂದಲೋ ಬಿದ್ದಿರಬೇಕು."

"ಬಿದ್ದದ್ದು ಅಷ್ಟು ಸಮ ಕೂತ್ಕೊಳ್ತದಾ ಮಾರಾಯ್ರೆ?" ಎಂದರು. ನಾನು ಹೆಣಿಗೆಯ ಬಗ್ಗೆ ಮಾತು ಮುಂದುವರಿಸಿದೆ.

ಫೆಬ್ರವರಿಯಲ್ಲಿ ಕುರ್ಚಿ ನೆರಿಯಕ್ಕೆ ಹೋಯಿತು. ಕಮಲಕ್ಕ ಕೂತರು. ಹಲಗೆ ಎದೆಯ ಹತ್ತಿರಕ್ಕೆ ಬಂತು, ಮೊಣಕೈ ಮೇಲೆದ್ದಿತು. "ತಡ್ಪೆ ತೊಡೆ ಮೇಲೆ ಇದ್ದರೆ..." ಎಂದು ಶುರುಮಾಡಿದರು. ನಾನು ಬಿಡಲಿಲ್ಲ. ತೊಡೆಯ ಮೇಲಿದ್ದರೆ ಕುತ್ತಿಗೆ ಬಗ್ಗುತ್ತದೆ, ಕುತ್ತಿಗೆ ಬಗ್ಗಿದರೆ ಬೆನ್ನೂ ಬಗ್ಗುತ್ತದೆ. ಮೂವತ್ತು ವರ್ಷದ ಅಭ್ಯಾಸ ಮುರಿಯಲು ಎರಡು ವಾರವಾದರೂ ಬೇಕು. ನೋವು ಅಭ್ಯಾಸದಿಂದಲೇ ಬಂದಿದ್ದರೆ ಅಭ್ಯಾಸವನ್ನೇ ಸಾಕ್ಷಿಯಾಗಿ ತರುವುದು ಹೇಗೆ ಸರಿ? ಕಮಲಕ್ಕ ತಲೆಯಾಡಿಸಿದರು. "ಹೌದು ಮೇಡಂ, ನೀವು ಹೇಳುದು ಸರಿ." ಖಂಡನೆ ಇರಲಿಲ್ಲ. ಗೆದ್ದೆ.

ಮಾರ್ಚಿನಲ್ಲಿ, ಏಪ್ರಿಲಿನಲ್ಲಿ ಹೇಳಿದ ದಿನವೇ ಹೋದೆ. ಎರಡು ಸಲವೂ ಅವರು ಕುರ್ಚಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ವರದಿಯಲ್ಲಿ 'ಹೊಂದಿಕೊಂಡಿದ್ದಾರೆ' ಎಂದು ಬರೆದೆ. ನಲವತ್ತು ಕುರ್ಚಿಗೆ ಮರ ನೋಡಲು ಆಚಾರಿಗೆ ಹೇಳಿದ್ದೂ ಆಯಿತು.

ಮೇಯಲ್ಲಿ, ಹೇಳಿದ್ದ ದಿನವೇ ಸ್ಟುಡಿಯೋದಲ್ಲಿ ಬೇರೆ ಸಭೆ ಬಿತ್ತು. ಒಂದು ದಿನ ಮುಂಚೆ ಹೊರಟೆ. ಫೋನ್ ಮಾಡಲಿಲ್ಲ. ಕುರ್ಚಿ ಜಗಲಿಯಲ್ಲಿತ್ತು, ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು. ಕಮಲಕ್ಕ ಒಳಗೆ ಬರಿಯ ನೆಲದಲ್ಲಿ, ಮಡಚಿದ ಗೋಣಿಯ ಮೇಲೆ ಕೂತಿದ್ದರು, ತೊಡೆಯ ಮೇಲೆ ತಡ್ಪೆ.

ನನ್ನನ್ನು ಕಂಡು ಗಾಬರಿಯಿಂದ ಏಳಲು ನೋಡಿದರು. ಎಡಗಾಲು ಏಳಲಿಲ್ಲ. "ಅಯ್ಯೋ, ನಾಳೆ ಬರ್ತೇನೆ ಅಂತ ಹೇಳಿದ್ದಲ್ವಾ ನೀವು?"

"ಮಣೆ ಮೇಲಾದ್ರೂ ಕೂರಬಹುದಿತ್ತಲ್ಲ?" ಎಂದೆ.

"ಮಣೆ ನಿಮ್ಮಲ್ಲಿ ಉಂಟಲ್ಲ." ಅದರಲ್ಲಿ ದೂರು ಇರಲಿಲ್ಲ, ಕೇಳಿದ್ದಕ್ಕೆ ಉತ್ತರ. ಊಟದ ಮಣೆ ಇತ್ತಂತೆ, ಬಹಳ ತಗ್ಗು. ಆ ಹಲಸಿನ ಮಣೆಯ ಹಿಂಬದಿಗೆ ಹಂಚು ಕೊಟ್ಟರೆ ಸೊಂಟ ತುಸು ಮುಂದಕ್ಕೆ ವಾಲುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. "ಅದರಲ್ಲಿ ಕೂತರೆ ಕಾಲು ಅಷ್ಟು ಜೋಮು ಹಿಡಿತಾ ಇರ್ಲಿಲ್ಲ." ಹಂಚಿನ ಐದಾರು ತುಂಡು ಇಟ್ಟು ನೋಡಿ ಆರಿಸಿದ್ದಂತೆ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಚಂದ ಮಾತಾಡ್ತೀರಿ. ನಡುವಲ್ಲಿ ಹೇಗೆ ಹೇಳುದು?"

ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಗೊತ್ತಿತ್ತು, ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ವೇಣೂರು ದಾಟಿದ್ದು ತಿಳಿಯಲಿಲ್ಲ.

ಮರುದಿನ ಸಭೆಗೆ ಹೋಗಲಿಲ್ಲ. ಮಣೆಯನ್ನು ಶೆಲ್ಫಿನಿಂದ ಇಳಿಸಿ ನೆರಿಯಕ್ಕೆ ಮುಟ್ಟಿಸಿದೆ. ಕುರ್ಚಿಯ ಕೆಲಸ ನಿಂತಿತು. ಆಚಾರಿಯವರು ಕಮಲಕ್ಕನ ಮಣೆಯ ಅಳತೆಯಲ್ಲೇ, ಹಂಚಿನಷ್ಟು ಇಳಿಜಾರನ್ನು ಮರದಲ್ಲೇ ಕೆತ್ತಿ, ಹಿಂದೆ ಗಿಡ್ಡ ಒರಗು ಕೊಟ್ಟು ನಲವತ್ತು ಆಸನ ಮಾಡಿದರು. ಅವೆಲ್ಲ ಈಗಲೂ ಬಳಕೆಯಲ್ಲಿವೆ. ಅದನ್ನು ನಾನು ಹೇಳದೆ ಹೋಗಿ ನೋಡಿದ್ದೇನೆ.

ಆದರೆ ಕಮಲಕ್ಕನಿಗೆ ಅದು ತಡವಾಗಿತ್ತು. ಆಗಸ್ಟಿನಲ್ಲಿ ಆಪರೇಷನ್ ಆಯಿತು. ನೋವು ಹೋಯಿತು, ಎಡಪಾದದ ಸ್ಪರ್ಶ ಮರಳಲಿಲ್ಲ. ನೆಲದಲ್ಲಿ ಕೂರುವಂತಿಲ್ಲ, ಬಗ್ಗಿ ಮಾಡುವ ಯಾವ ಕೆಲಸವೂ ಕೂಡದು ಎಂದರು ಡಾಕ್ಟರು. ಬೀಡಿ ನಿಂತಿತು.

ಮೂವತ್ತು ವರ್ಷದ ಸವೆತ ಮೂರು ತಿಂಗಳಲ್ಲಿ ಆದದ್ದಲ್ಲ, ಮಣೆ ಅಲ್ಲೇ ಇದ್ದಿದ್ದರೂ ಹೀಗೇ ಆಗುತ್ತಿತ್ತು ಎಂದು ವಾದಿಸಬಹುದು. ಗೆಲ್ಲಬಹುದಾದ ವಾದ ಅದು. ಒಮ್ಮೆ ಆಚಾರಿಯವರ ಮುಂದೆ ಮಂಡಿಸಿಯೂ ನೋಡಿದೆ. "ಇರಬಹುದು ಮೇಡಂ," ಎಂದು ಅವರು ಉಳಿ ಮಸೆಯುತ್ತ ಕೂತರು. ಅದನ್ನು ಒಪ್ಪಿಗೆ ಎಂದು ಲೆಕ್ಕ ಹಾಕಲು ನನಗೆ ಆಗಲಿಲ್ಲ.

ಡಿಸೆಂಬರಿನಲ್ಲಿ ನೆರಿಯಕ್ಕೆ ಹೋದಾಗ ಕಮಲಕ್ಕ ಜಗಲಿಯಲ್ಲಿ ನನ್ನ ಕುರ್ಚಿಯಲ್ಲೇ ಕೂತಿದ್ದರು. ಪ್ಲಾಸ್ಟಿಕ್ ತೆಗೆದಿತ್ತು, ಅಡ್ಡಹಲಗೆಯೂ ಇರಲಿಲ್ಲ. ಎರಡೂ ಕೈ ಮಡಿಲಲ್ಲಿದ್ದವು.

"ಕುರ್ಚಿ ಒಳ್ಳೆದುಂಟು ಮೇಡಂ. ಸುಮ್ಮನೆ ಕೂತ್ಕೊಳ್ಳಿಕ್ಕೆ."

ಹೊರಡುವಾಗ ಒಳಗಿಂದ ಮಣೆ ತರಿಸಿ ನನ್ನ ಕೈಗಿಟ್ಟರು. "ನೀವೇ ಇಟ್ಕೊಳ್ಳಿ. ಅಲ್ಲಿ ಚಂದ ಕಾಣ್ತದೆ."

ಅದು ಚುಚ್ಚುಮಾತೋ ಉಪಚಾರವೋ ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಶೆಲ್ಫಿನಲ್ಲಿ ಇಡಲಿಲ್ಲ, ನನ್ನ ಮೇಜಿನ ಕೆಳಗಿದೆ. ಈಗ ಯಾರ ಮನೆಗೆ ಹೋದರೂ ಮೊದಲ ಅರ್ಧ ಗಂಟೆ ಬಾಯಿ ತೆರೆಯುವುದಿಲ್ಲ. ಎರಡನೆಯ ಸಲ, ಬರುತ್ತೇನೆಂದು ಹೇಳಿದ ದಿನಕ್ಕಿಂತ ಒಂದು ದಿನ ಮುಂಚೆ ಹೋಗುತ್ತೇನೆ.